ಬಳ್ಳಾರಿಯಲ್ಲಿ ರಾತ್ರಿ ತಂಗಿದ ಟಪಾಲು

1932ರ ಅಕ್ಟೋಬರ್ 15ರ ಬೆಳಗಿನ ಜಾವ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟದೊಂದು ಪಸ್ ಮಾತ್ ವಿಮಾನದಲ್ಲಿ ಒಬ್ಬರೇ ಹೊರಟರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ತಂದಿಳಿಸಿದ್ದ ಟಪಾಲು ಜೊತೆಗಿತ್ತು. ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಬಂದ ಇಂಧನ ತುಂಬಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಜುಹುವಿನಲ್ಲಿ ಇಳಿದರು.

ಈ ಕಥೆಯನ್ನು ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಮ್ಮ ಸೀಮೆಗೆ ಸೇರಿದ ಭಾಗ ಶುರುವಾಗುವುದೇ ಇಲ್ಲಿಂದ. ಮದ್ರಾಸಿನ ಟಪಾಲು ಹೊತ್ತು ಮುಂದೆ ಹಾರಿದವರು ನೆವಿಲ್ ವಿಂಟ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಭಾರತದಲ್ಲಿ ವಿಮಾನ ಟಪಾಲಿನ ಯೋಚನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರೂ ಅವರೇ. ಅಂದು ಕತ್ತಲಲ್ಲಿ ಹಾರುವುದಕ್ಕೆ ದಾರಿಯಲ್ಲಿ ದೀಪವಿರಲಿಲ್ಲ, ದಿಕ್ಕು ಹೇಳುವ ರೇಡಿಯೊ ಇರಲಿಲ್ಲ. ಹೀಗಾಗಿ ವಿಂಟ್ಸೆಂಟ್ ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸು ಸೇರಿದರು. ಕರಾಚಿಯಿಂದ ಮದ್ರಾಸಿಗೆ ಸುಮಾರು 2,100 ಕಿ.ಮೀ., ಎರಡು ದಿನದ ಪಯಣ. ಇಂದು ಮುಂಬಯಿಯಿಂದ ಚೆನ್ನೈಗೆ ಎರಡು ತಾಸು ಸಾಕು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಲಂಡನ್ನಿನ ಕಾಗದ ಆಕಾಶಮಾರ್ಗವಾಗಿ ಜಿಲ್ಲಾ ಕೇಂದ್ರ ಮುಟ್ಟಿದರೂ ಅದನ್ನು ಕೂಡ್ಲಿಗಿಗೆ ಒಯ್ಯಲು ರಸ್ತೆಯೇ ಗತಿ. ಕೊಟ್ಟೂರಿನ ಅದೃಷ್ಟ ವಾಸಿ. ಹೊಸಪೇಟೆಯಿಂದ ಅಲ್ಲಿಗೆ 1905ರಲ್ಲೇ ಮೀಟರ್‌ಗೇಜ್ ರೈಲು ಬಂದಿತ್ತು. ಮುಂದೆ ಟಾಟಾ ಟಪಾಲಿನ ದಾರಿ ಹೈದರಾಬಾದಿಗೆ ತಿರುಗಿತು. ಬಳ್ಳಾರಿಯ ಹೆಸರು ಆ ನಕ್ಷೆಯಿಂದ ಅಳಿಸಿಹೋಯಿತು.

ಕೊಟ್ಟೂರಿನ ರೈಲಿನ ಕಥೆ ಇನ್ನೂ ಬೇಸರದ್ದು. 1990ರ ದಶಕದಲ್ಲಿ ಹಳಿಯನ್ನು ಬ್ರಾಡ್‌ಗೇಜ್‌ಗೆ ಬದಲಿಸಲೆಂದು ನಿಂತ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2019ರ ಅಕ್ಟೋಬರಿನಲ್ಲಿ, ಈ ಸಲ ಹರಪನಹಳ್ಳಿ ದಾಟಿ ಹರಿಹರದವರೆಗೆ. ನಡುವೆ ಒಂದು ತಲೆಮಾರು ರೈಲಿಲ್ಲದೆಯೇ ಬೆಳೆದು ದೊಡ್ಡದಾಯಿತು. ಅದಕ್ಕೆ ಎರಡು ವರ್ಷ ಮೊದಲೇ, 2017ರ ಸೆಪ್ಟೆಂಬರಿನಲ್ಲಿ, ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಉಡಾನ್ ಯೋಜನೆಯಡಿ ಹೈದರಾಬಾದಿಗೆ ವಿಮಾನ ಹಾರತೊಡಗಿತ್ತು. ಕೊಟ್ಟೂರಿಗೆ ರೈಲು ಮರಳುವ ಮುನ್ನವೇ ಸೀಮೆಗೆ ವಿಮಾನ ಬಂದಿತ್ತು!

ಅತ್ತ ಆಕಾಶದ ದೂರವಂತೂ ಕುಗ್ಗುತ್ತಲೇ ಹೋಯಿತು. 2021ರ ಜನವರಿ 11ರಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳುತನದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿಯಿತು. ಸುಮಾರು 16,000 ಕಿ.ಮೀ., ಎಲ್ಲೂ ನಿಲ್ಲದೆ ಹದಿನೇಳು ತಾಸು. ಕರಾಚಿ–ಮದ್ರಾಸಿನ ಏಳು ಪಟ್ಟಿಗೂ ಹೆಚ್ಚು ದೂರ ಒಂದು ದಿನದೊಳಗೆ ಮುಗಿಯಿತು. ಆದರೆ ಅಂಥ ವಿಮಾನದಿಂದಿಳಿದು ಹರಪನಹಳ್ಳಿಗೋ ಹಡಗಲಿಗೋ ಹೋಗುವವರಿಗೆ ಮುಂದಿನ ಸುಮಾರು ಮುನ್ನೂರು ಕಿ.ಮೀ. ದಾರಿಗೆ ಬಸ್ಸಿನಲ್ಲಿ ಆರೇಳು ತಾಸು ಬೇಕು. ಆಕಾಶದ ದೂರ ಕುಗ್ಗಿದಷ್ಟು ನೆಲದ ದೂರ ಕುಗ್ಗಿಲ್ಲ. ಬಿಡಿಸಿದ ದಿನವೇ ಪೇಟೆ ಮುಟ್ಟಬೇಕಾದ ಹಡಗಲಿ ಮಲ್ಲಿಗೆಗೂ ಇದೇ ಪಾಡು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿ ಒಂದಾಗಿವೆ. ವಿದ್ಯಾನಗರದ ವಿಮಾನದ ಹೊತ್ತಿಗೆ ಹೊಂದುವ ಸರ್ಕಾರಿ ಬಸ್ಸುಗಳು ಈ ಐದೂ ಊರುಗಳಿಂದ ಹೊರಡಬೇಕು, ಕೊಟ್ಟೂರಿನ ಹಳಿಯ ಮೇಲೆ ಇನ್ನಷ್ಟು ಗಾಡಿ ಓಡಬೇಕು. ಇದನ್ನು ಈ ಸೀಮೆಯ ಜನ ಗಟ್ಟಿ ದನಿಯಲ್ಲೇ ಕೇಳಲಿ.