ಒಣಭೂಮಿ ಅರಣ್ಯಗಳ ಪುನಶ್ಚೇತನ

ಒಣಭೂಮಿ ಅರಣ್ಯಗಳ ಪುನಶ್ಚೇತನ ಎಂದರೆ ಮಳೆ ಕಡಿಮೆಯಿರುವ ಪ್ರದೇಶಗಳಲ್ಲಿ ಕ್ಷೀಣಿಸಿದ ಕಾಡಿನ ಮಣ್ಣು, ಸಸ್ಯಸಂಪತ್ತು ಹಾಗೂ ಜೀವಿವೈವಿಧ್ಯ ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವ ಕಾರ್ಯ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಬಯಲುಸೀಮೆ ಮತ್ತು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂಬಂಧಿಸಿದೆ.

ಭೌಗೋಳಿಕ ಹಿನ್ನೆಲೆ

ಕಲಬುರಗಿಯು ರಾಜ್ಯದಲ್ಲಿ ಅರಣ್ಯ ಪ್ರಮಾಣ ತೀರಾ ಕಡಿಮೆಯಿರುವ ಜಿಲ್ಲೆಗಳಲ್ಲೊಂದು. ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಬಹುಭಾಗವು ತೊಗರಿ, ಜೋಳ ಬೆಳೆಯುವ ಎರೆಭೂಮಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಜಿಲ್ಲೆಯ ಪ್ರಮುಖ ಅರಣ್ಯವಿರುವುದು ಚಿಂಚೋಳಿ ತಾಲ್ಲೂಕಿನಲ್ಲಿ. ಸುಮಾರು 134 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು.

ಅವನತಿಯ ಕಾರಣಗಳು

ಸೌದೆಗಾಗಿ ಮರ ಕಡಿಯುವುದು, ಮಿತಿಮೀರಿದ ಮೇಯಿಸುವಿಕೆ, ಬೆಂಕಿ, ಒತ್ತುವರಿ ಹಾಗೂ ಕಲ್ಲು ಗಣಿಗಾರಿಕೆ ಪ್ರಮುಖ ಕಾರಣಗಳು. ಹೊದಿಕೆ ಕಳೆದುಕೊಂಡ ನೆಲದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅಲ್ಲಿ ಬಳ್ಳಾರಿ ಜಾಲಿಯಂತಹ ಪರದೇಶಿ ಸಸ್ಯಗಳು ಹಬ್ಬುತ್ತವೆ.

ನೀಲಗಿರಿ ವಿವಾದ

1984ರಲ್ಲಿ ರಾಜ್ಯ ಸರ್ಕಾರವು ಗ್ರಾಮಸ್ಥರು ಮೇವು, ಸೌದೆಗೆ ಬಳಸುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ಕಾಗದದ ತಿರುಳಿಗಾಗಿ ನೀಲಗಿರಿ ಬೆಳೆಸಲು ಜಂಟಿ ಕಂಪನಿಯೊಂದನ್ನು ಸ್ಥಾಪಿಸಿತು. ಇದರ ವಿರುದ್ಧ ಸಮಾಜ ಪರಿವರ್ತನ ಸಮುದಾಯವು ಹೋರಾಟ ನಡೆಸಿತು. ಶಿವರಾಮ ಕಾರಂತ ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿತು. ಮರಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಾಡು ಮರಳಿತೆನ್ನಲಾಗದು ಎಂಬುದಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ವಿಧಾನಗಳು

* ರಕ್ಷಣೆ: ಕೆಲವು ವರ್ಷ ಮೇಯಿಸುವಿಕೆ ಮತ್ತು ಬೆಂಕಿ ತಡೆದರೆ ಉಳಿದ ಬೇರು, ಬೊಡ್ಡೆಗಳು ತಾವಾಗಿಯೇ ಚಿಗುರುತ್ತವೆ. ಇದು ಅತ್ಯಂತ ಕಡಿಮೆ ವೆಚ್ಚದ ವಿಧಾನ.
* ಮಣ್ಣು-ನೀರಿನ ಸಂರಕ್ಷಣೆ: ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಕಂದಕ, ಬದು ಹಾಗೂ ಕಲ್ಲಿನ ತಡೆಗಳನ್ನು ನಿರ್ಮಿಸಿ ನೀರು ಇಂಗಿಸಲಾಗುತ್ತದೆ.
* ಸ್ಥಳೀಯ ಸಸ್ಯಗಳು: ಕಮರ, ಬನ್ನಿ, ಬೇವು, ಹೊಂಗೆ, ಮುತ್ತುಗ ಮುಂತಾದ ಬರಸಹಿಷ್ಣು ಜಾತಿಗಳನ್ನು ಮುಂಗಾರಿನ ಆರಂಭದಲ್ಲಿ ನೆಡಲಾಗುತ್ತದೆ.

ಸಹಜ ಹುಲ್ಲುಗಾವಲುಗಳನ್ನು ಹಾಳುಬಿದ್ದ ಕಾಡೆಂದು ಭಾವಿಸಿ ಮರ ನೆಡುವುದು ಸರಿಯಲ್ಲ. ಅದರಿಂದ ತೋಳ, ಕೃಷ್ಣಮೃಗಗಳ ನೆಲೆ ಹಾಗೂ ಕುರಿಗಾಹಿಗಳ ಮೇವು ನಾಶವಾಗುತ್ತದೆ.

ಹವಾಮಾನ ಬದಲಾವಣೆ

ದೀರ್ಘ ಒಣಹವೆ ಹಾಗೂ ಅಲ್ಪಾವಧಿಯ ಬಿರುಮಳೆಯಿಂದ ಎಳೆಯ ಸಸಿಗಳು ಬದುಕುಳಿಯುವುದು ಕಷ್ಟವಾಗುತ್ತಿದೆ. ಆದ್ದರಿಂದ ಏಕಜಾತಿಯ ನೆಡುತೋಪಿಗಿಂತ ಮಿಶ್ರ ಜಾತಿಗಳು ಹೆಚ್ಚು ಸುರಕ್ಷಿತ.

ನೀತಿ ಮತ್ತು ಸಮುದಾಯ

1993ರಲ್ಲಿ ಕರ್ನಾಟಕವು ಜಂಟಿ ಅರಣ್ಯ ಯೋಜನೆಯನ್ನು ಜಾರಿಗೆ ತಂದಿತು. ಅದರಡಿ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. 2019ರಲ್ಲಿ ಭಾರತವು 2030ರೊಳಗೆ 2.6 ಕೋಟಿ ಹೆಕ್ಟೇರ್ ಕ್ಷೀಣಿತ ಭೂಮಿಯನ್ನು ಪುನಶ್ಚೇತನಗೊಳಿಸುವ ಗುರಿ ಪ್ರಕಟಿಸಿತು. ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ಅವಧಿಯನ್ನು ಪರಿಸರ ವ್ಯವಸ್ಥೆಗಳ ಪುನಶ್ಚೇತನ ದಶಕವೆಂದು ಘೋಷಿಸಿದೆ.