ಬಿಳಿ ನಾಯಿಯ ಕಣ್ಣ ಕೆಳಗಿನ ಗೆರೆ

ತಾತ ತೀರಿಕೊಂಡು ಮೂರು ತಿಂಗಳಾಗಿತ್ತು. ಪಿಂಕಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಅಜ್ಜಿ ಹಟ ಹಿಡಿದರು. "ಕಣ್ಣಿಂದ ರಕ್ತ ಸುರಿದಂಗೆ ಗೆರೆ ಇಳಿದೈತೆ ನೋಡವ್ವಾ. ನಾಯಿ ಅಳೋ ಮನೆ ಏಳ್ಗೆ ಆಗಲ್ಲ." ನಾಯಿ ಊಳಿಟ್ಟರೆ ಸಾವಿನ ಸೂಚನೆ ಎಂಬ ಮಾತು ನಮ್ಮ ದಬ್ಬೇಘಟ್ಟದಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ಅದನ್ನು ಕಣ್ಣೀರಿಗೂ ವಿಸ್ತರಿಸಿದ್ದರು. ಪಿಂಕಿ ತಾತನ ಮಂಚದ ಕೆಳಗೇ ಮಲಗುತ್ತಿದ್ದ ನಾಯಿ. ಅದನ್ನು ಕಳಿಸುವುದೆಂದರೆ ತಾತನ ಊರುಗೋಲನ್ನು ಒಲೆಗೆ ಹಾಕಿದ ಹಾಗೆ ಅನ್ನಿಸಿತು. ಗೆರೆ ಅಳಿಸಿಬಿಟ್ಟರೆ ಅಜ್ಜಿ ಸುಮ್ಮನಾಗುತ್ತಾರೆ ಎಂದು ನಾನು ಲೆಕ್ಕ ಹಾಕಿದೆ.

ಪಿಂಕಿಗಿಂತ ಮುಂಚೆ ನಮ್ಮ ಮನೆಯಲ್ಲಿ ನಾಯಿಗಳಿರಲಿಲ್ಲ ಎಂದಲ್ಲ. ತೆಂಗಿನ ತೋಟವಿದ್ದ ಮೇಲೆ ನಾಯಿ ಇರಲೇಬೇಕು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹನ್ನೊಂದು ತಿಂಗಳಾದರೂ ಬೇಕು. ಅಲ್ಲಿಯವರೆಗೆ ವರ್ಷದ ದುಡಿಮೆಯೆಲ್ಲ ತಲೆ ಮೇಲಿನ ಅಟ್ಟದಲ್ಲೇ ಇರುತ್ತದೆ. ತೋಟದಲ್ಲಿ ಹಂದಿ ಕಾಟ, ಊರಂಚಿನಲ್ಲಿ ಚಿರತೆ ಭಯ. ಕರಿಯ, ರಾಜ, ಮತ್ತೊಬ್ಬ ಕರಿಯ ಎಂದು ಬಂದುಹೋದ ಆ ನಾಯಿಗಳೆಲ್ಲ ಕಪ್ಪು ಇಲ್ಲವೇ ಮಣ್ಣಿನ ಬಣ್ಣದವು. ಹೊಸಿಲು ದಾಟಿ ಒಳಗೆ ಬಂದವಲ್ಲ. ಅವುಗಳ ಕಣ್ಣಲ್ಲೂ ನೀರು ಬಂದೇ ಇರಬೇಕು. ಯಾರೂ ನೋಡಿರಲಿಲ್ಲ, ಅಷ್ಟೇ.

ನಾನು ತುಮಕೂರು ಜಿಲ್ಲೆಯ ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಇತಿಹಾಸ ಓದುವವರಿಗೆ ಒಂದು ಕೆಟ್ಟ ಚಾಳಿ. ಮನೆಯಲ್ಲಿ ಏನು ತೊಂದರೆಯಾದರೂ ಹತ್ತನೇ ಶತಮಾನಕ್ಕೆ ಓಡುತ್ತೇವೆ. ನಾನೂ ಓಡಿದೆ.

ಕರ್ನಾಟಕದ ನಾಯಿಗಳಲ್ಲೆಲ್ಲ ಅತಿ ಹೆಚ್ಚು ಗೌರವ ಪಡೆದದ್ದು ಕಾಳಿ ಎಂಬ ಬೇಟೆನಾಯಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದರ ಕಥೆ ಹೇಳುತ್ತದೆ. ಕಾಲ ಶಕ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧ ಅದರಲ್ಲಿದೆ. ರಾಜಾದಿತ್ಯ ಆ ಯುದ್ಧದಲ್ಲೇ ಸತ್ತ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯನ್ನು ಕೇಳಿದ. ಆಮೇಲೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಮಣಲೆರ ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅಲ್ಲಿನ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಶಾಪವೂ ಇದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಎದುರುಬದುರು ನಿಂತಿವೆ. ಹೆಸರು ನೋಡಿದರೆ ಕಾಳಿ ಕಪ್ಪು ನಾಯಿಯೇ ಇದ್ದೀತು. ಇದು ನನ್ನ ಊಹೆ. ನನ್ನ ಮಾರ್ಗದರ್ಶಕರು ಒಪ್ಪಲಾರರು.

ಕನ್ನಡದಲ್ಲಿ ದನಕ್ಕೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ'ವಿದೆ, ಕುದುರೆಗೆ ಅಭಿನವಚಂದ್ರನ 'ಅಶ್ವವೈದ್ಯ'ವಿದೆ. ಕಾಳಿಗೆ ಸಿಕ್ಕಿದ್ದು ಕಲ್ಲು, ಅದೂ ಸತ್ತ ಮೇಲೆ. ಅಳುವ ನಾಯಿ ಬೇಕೆಂದರೆ ಮಹಾಭಾರತಕ್ಕೇ ಹೋಗಬೇಕು. ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಯಜ್ಞದ ಬಳಿ ಬಂದ ನಾಯಿಮರಿಯನ್ನು ಹೊಡೆದಟ್ಟುತ್ತಾರೆ. ಅದು ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಗುತ್ತದೆ. ನಾನು ಹವಿಸ್ಸನ್ನು ನೆಕ್ಕಲೂ ಇಲ್ಲ, ನೋಡಲೂ ಇಲ್ಲ ಎನ್ನುತ್ತದೆ. ಸರಮೆ ಯಜ್ಞಶಾಲೆಗೇ ಬಂದು ಕೇಳುತ್ತಾಳೆ, ಉತ್ತರ ಬರದಿದ್ದಾಗ ಶಪಿಸುತ್ತಾಳೆ. ಅಜ್ಜಿಗೆ ಈ ಕಥೆ ಹೇಳಬಾರದು ಎಂದು ಆಗಲೇ ತೀರ್ಮಾನಿಸಿದೆ.

ಇಷ್ಟೆಲ್ಲ ತಿರುವಿ ಹಾಕಿದರೂ ಕಣ್ಣ ಕೆಳಗಿನ ಕಂದು ಗೆರೆ ಎಲ್ಲೂ ಸಿಗಲಿಲ್ಲ. ಸಿಗುವುದೂ ಇಲ್ಲ. ಆ ಗೆರೆ ನಮ್ಮ ಮನೆಗಳಿಗೆ ಬಂದದ್ದು ಬಿಳಿ ನಾಯಿಯ ಜೊತೆಯಲ್ಲಿ. ನಾವೆಲ್ಲ ಪಾಮೇರಿಯನ್ ಎಂದು ಕರೆಯುವ ಈ ಬಿಳಿ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಸ್ಪಿಟ್ಜ್ ನಾಯಿಗಳ ಸಂತತಿ, ಇಲ್ಲಿನ ಬಿಸಿಲಿಗೆ ಒಗ್ಗಿದ್ದು. ಪಾಮೇರಿಯನ್ ಎಂಬ ಹೆಸರು ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯಾದ್ದು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೊ ಎಂಬ ಪಾಮೇರಿಯನ್ನನ್ನು ತಂದ ಮೇಲೆ ಇಂಗ್ಲೆಂಡಿನಲ್ಲಿ ಪುಟ್ಟ ಪಾಮೇರಿಯನ್ನಿನ ಹುಚ್ಚು ಹೆಚ್ಚಿತು. ನಮ್ಮಲ್ಲಿ 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿ ಇದೇ ಜಾತಿಯದು. 2003ರ ಹಚ್ ಜಾಹೀರಾತಿನ ಹಿಂದೆ ಪಗ್ ಬಂತು. ಅದಕ್ಕೆ ಕಣ್ಣಿನ ಗುಳಿಯೇ ಆಳವಿಲ್ಲ, ಗೋಳಿ ಹೊರಗೇ ಕೂತಿರುತ್ತದೆ. ಕಾವಲು ನಾಯಿ ಅಂಗಳ ಬಿಟ್ಟು ಸೋಫಾ ಹತ್ತಿದಾಗಲೇ ಅದರ ಮುಖವನ್ನು ನಾವು ಹತ್ತಿರದಿಂದ ನೋಡಿದ್ದು. ನಮ್ಮ ಪಿಂಕಿಯೂ ಬೆಂಗಳೂರಿಂದ ಮಾವ ರಟ್ಟಿನ ಡಬ್ಬದಲ್ಲಿ ತಂದದ್ದು.

ಗೆರೆಯ ಬಣ್ಣ ರಕ್ತದ್ದಲ್ಲ, ಆದರೆ ರಕ್ತದ ನೆಂಟ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಪಾರ್ಫಿರಿನ್ ಎಂಬ ವಸ್ತು ನಾಯಿಯ ಕಣ್ಣೀರಿನಲ್ಲೂ ಜೊಲ್ಲಿನಲ್ಲೂ ಇರುತ್ತದೆ. ಕೂದಲ ಮೇಲೆ ಕೂತು ಬೆಳಕು ತಾಗುತ್ತಾ ಅದು ಕಂದಾಗುತ್ತದೆ. ಪಿಂಕಿ ನೆಕ್ಕುವ ಮುಂಗಾಲು ಕೂಡ ಅದಕ್ಕೇ ಕೆಂಪಗಿತ್ತು. ಕಣ್ಣೀರು ಸಾಮಾನ್ಯವಾಗಿ ಕಣ್ಣಿನ ಒಳಮೂಲೆಯ ಸಣ್ಣ ತೂತುಗಳಿಂದ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ನಾಳ ಕಟ್ಟಿದರೆ, ಅಥವಾ ಅದಕ್ಕೆ ತಡೆಯಲಾಗದಷ್ಟು ನೀರು ಬಂದರೆ ಕೆನ್ನೆಗೆ ಹರಿಯುತ್ತದೆ. ಒಮ್ಮೆ ಕಲೆಯಾದ ಕೂದಲು ಮತ್ತೆ ಬೆಳ್ಳಗಾಗುವುದು ಕಷ್ಟ. ಹೊಸ ಕೂದಲು ಬರುವವರೆಗೆ ಕಾಯಬೇಕು.

ಇದನ್ನೆಲ್ಲ ಓದಿಕೊಂಡೂ ನಾನು ಮಾಡಿದ್ದು ಉಜ್ಜುವ ಕೆಲಸ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿದೆ. ನಮ್ಮ ಸೀಮೆಯಲ್ಲಿ ಅದಿಲ್ಲದ ಮದ್ದಿಲ್ಲ. ಕೂದಲು ಅಂಟಾಗಿ ಧೂಳು ಮೆತ್ತಿತು. ಆಮೇಲೆ ಆನ್‌ಲೈನಿನಲ್ಲಿ ಒಂದು ಪುಡಿ ತರಿಸಿ ಊಟಕ್ಕೆ ಬೆರೆಸಿದೆ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದೇ ಇರಲಿಲ್ಲ. ಇಂಥ ಪುಡಿಗಳಲ್ಲಿ ಕೆಲವಕ್ಕೆ ಟೈಲೋಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುತ್ತಿದ್ದರೆಂದೂ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ತಯಾರಕರಿಗೆ ಎಚ್ಚರಿಕೆ ಕೊಟ್ಟಿತ್ತೆಂದೂ ತಿಳಿದದ್ದು ಅರ್ಧ ಪೊಟ್ಟಣ ಖಾಲಿಯಾದ ಮೇಲೆ. ಅದನ್ನು ಬಿಸಾಕಿ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಉಜ್ಜತೊಡಗಿದೆ. ಊರವರು ವೀರಗಲ್ಲನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ ಪೇಂಟ್ ಬಳಿದರೆ ಅಕ್ಷರ ಹೋಗುತ್ತೆ ಎಂದು ಜಗಳ ಕಾಯುವವಳು ನಾನು.

ಮೂರು ವಾರಕ್ಕೆ ಬಲಗಡೆ ಸ್ವಲ್ಪ ತಿಳಿಯಾಯಿತು. ಎಡಗಡೆ ಒಣಗಲೇ ಇಲ್ಲ. ಪಿಂಕಿ ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಬಟ್ಟೆ ಕಂಡರೆ ಮಂಚದ ಕೆಳಗೆ ಓಡುತ್ತಿತ್ತು. ನನ್ನ ಮೇಲೆ ಮುನಿಸು ಎಂದುಕೊಂಡೆ.

ಅಪ್ಪ ಆವತ್ತು ತೋಟದಿಂದ ಬಂದವರು ಉಳಿ ಕೆಳಗಿಟ್ಟು ನನ್ನನ್ನೇ ನೋಡುತ್ತಾ ನಿಂತರು. ಎರಡು ಮರಕ್ಕೆ ಕಾಂಡ ಸೋರುವ ರೋಗ ಬಂದಿತ್ತು. ತೆಂಗಿನ ಬೊಡ್ಡೆಯ ಬಿರುಕಿನಿಂದ ಕೆಂಗಂದು ರಸ ಜಿನುಗಿ ಕಪ್ಪಾಗಿ ಒಣಗುತ್ತದೆ. ಪಿಂಕಿಯ ಕೆನ್ನೆಯ ಹಾಗೇ. ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮು ಬಳಿಯಬೇಕು. "ರಸ ಒರೆಸ್ತಾ ಕೂತ್ರೆ ಮರ ಉಳಿಯುತ್ತೇನಮ್ಮಾ? ಎಲ್ಲಿಂದ ಸೋರ್ತೈತೆ ನೋಡು. ಒಂದೇ ಕಣ್ಣು ಸೋರ್ತಾ ಇದೆಯಲ್ಲ" ಎಂದರು.

ಮಾರನೇ ದಿನ ಪಶುವೈದ್ಯರು ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿದರು. ಕಣ್ಣೀರು ಹೊಳೆಯುವ ಹಸಿರಾಯಿತು. ಬಲ ಹೊಳ್ಳೆಯಲ್ಲಿ ಹಸಿರು ಇಳಿಯಿತು, ಎಡ ಹೊಳ್ಳೆಯಲ್ಲಿ ಇಳಿಯಲಿಲ್ಲ. ನಾಳ ಕಟ್ಟಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಎಡಗಣ್ಣಿನ ಕರಿಗುಡ್ಡೆಯ ಮೇಲೊಂದು ಹಸಿರು ಚುಕ್ಕೆ ನಿಂತೇ ಇತ್ತು. ಹುಣ್ಣು. ಕೆಳರೆಪ್ಪೆಯ ಅಂಚಿನಲ್ಲಿ ಒಳಮುಖವಾಗಿ ಬೆಳೆದ ಒಂದೇ ಒಂದು ಕೂದಲು ಗುಡ್ಡೆಯನ್ನು ಗೀರುತ್ತಿತ್ತು. ಅದರ ಮೇಲೆ ನಾನು ದಿನಕ್ಕೆ ಮೂರು ಸಲ ಬಟ್ಟೆ ಉಜ್ಜಿದ್ದೆ. ವೈದ್ಯರು ಬೈಯಲಿಲ್ಲ. ಕೂದಲು ಕಿತ್ತರು, ಮುಲಾಮು ಬರೆದುಕೊಟ್ಟರು, ಹುಣ್ಣು ಮಾಗಿದ ಮೇಲೆ ನಾಳ ತೊಳೆಯೋಣ ಎಂದರು. ಎಲ್ಲಿ ಮಲಗುತ್ತೆ ಎಂದು ಕೇಳಿದರು. ತಾತನ ಮಂಚ ಎತ್ತಿಟ್ಟ ಮೇಲೆ ಬಚ್ಚಲ ಹಂಡೆ ಒಲೆಯ ಪಕ್ಕ ಮಲಗುತ್ತಿತ್ತು. ತೆಂಗಿನ ಮಟ್ಟೆ ಉರಿಸುವ ಒಲೆ, ಬೆಳಗ್ಗೆ ಐದಕ್ಕೇ ಹೊಗೆ. ಎರಡು ಕಣ್ಣಿನ ಹಳೆಯ ಕಲೆಗೆ ಹೆದರಬೇಕಾಗಿಲ್ಲ, ಒಂದೇ ಕಣ್ಣು ಇದ್ದಕ್ಕಿದ್ದಂತೆ ಸೋರಿ ಮುಚ್ಚಿಕೊಂಡರೆ ಅವತ್ತೇ ಬರಬೇಕು ಎಂದು ಹೇಳಿ ಕಳಿಸಿದರು.

ಹುಣ್ಣು ಮಾಗಿತು. ಎಡಗಣ್ಣಿನಲ್ಲಿ ಹೊಗೆಯಂಥ ಬಿಳಿ ಚುಕ್ಕೆ ಉಳಿಯಿತು. ಅದು ಹೋಗುವುದಿಲ್ಲವಂತೆ.

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಹಲವು ಗಂಟೆ ದೂರವಿದ್ದ ಯಜಮಾನ ಮನೆಗೆ ಬಂದಾಗ ನಾಯಿಯ ಕಣ್ಣಲ್ಲಿ ನೀರು ಹೆಚ್ಚುತ್ತದೆ ಎಂದು ಅಳೆದು ತೋರಿಸಿದ್ದಾರೆ. ನಾಯಿ ದುಃಖಕ್ಕೆ ಅಳುತ್ತದೆ ಎಂದು ಅವರೇನೂ ಹೇಳಿಲ್ಲ. ಅಜ್ಜಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರು ವಾಪಸ್ ಬರಂಗಿಲ್ವಲ್ಲ" ಎಂದರು.

ಪಿಂಕಿಯನ್ನು ಕೊಡುವ ಮಾತು ಆಮೇಲೆ ಬರಲಿಲ್ಲ. ತಾತನ ಮಂಚ ಮತ್ತೆ ನಡುಮನೆಗೆ ಬಂತು. ಬೆಳಗ್ಗೆ ಕಾಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಕಣ್ಣಿನ ಮೂಲೆಯಿಂದ ಕೆಳಕ್ಕೆ ಮೆತ್ತಗೆ ಒರೆಸಿ, ಒಣ ಬಟ್ಟೆ ಒತ್ತುವ ಕೆಲಸ ಈಗ ಅಜ್ಜಿಯದು. ನನ್ನ ಕೈಯಲ್ಲಿ ಬಟ್ಟೆ ಕಂಡರೆ ಪಿಂಕಿ ಇನ್ನೂ ಮಂಚದ ಕೆಳಗೆ ನುಗ್ಗುತ್ತದೆ.