ಹರಿವಾಣ ದುಂಡಗಿರಲಿ

ದೇವನಕೊಂಡದ ಸೋದರಮಾವನ ಮನೆಯಲ್ಲಿ ಹೋದ ದೀಪಾವಳಿಗೆ ಹಳೆಯ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಸಿ ತಂದು ಹೊಸ ಟಿವಿಗೆ ಚುಚ್ಚಿದರು. ಮುಹೂರ್ತದ ದೃಶ್ಯ ಬಂದದ್ದೇ ತಡ, ಅತ್ತೆ ನನ್ನ ಕಡೆ ತಿರುಗಿದರು: "ಅಯ್ಯ, ನಾ ಇಷ್ಟು ದಪ್ಪ ಇದ್ದೆನೇನೋ?" ಇರಲಿಲ್ಲ. ಅವರ ಮುಂದಿದ್ದ ಹಿತ್ತಾಳೆ ಹರಿವಾಣವೇ ಅದಕ್ಕೆ ಸಾಕ್ಷಿ. ದುಂಡಗಿರಬೇಕಾದದ್ದು ಕೋಳಿಮೊಟ್ಟೆಯ ಹಾಗೆ ಅಡ್ಡಕ್ಕೆ ಚಾಚಿಕೊಂಡಿತ್ತು. 4:3ರ ಚಿತ್ರವನ್ನು 16:9ರ ಪರದೆಗೆ ಎಳೆದು ಕೂರಿಸಿದರೆ ಮನುಷ್ಯರಿಂದ ಮಡಿಕೆಗಳವರೆಗೆ ಎಲ್ಲವೂ ಮೂರನೇ ಒಂದು ಪಾಲು ಅಗಲವಾಗುತ್ತದೆ.

4:3ರ ಅಳತೆ ಮೂಕಿ ಸಿನಿಮಾ ಕಾಲದ್ದು. ಎಡಿಸನ್ನರ ಪ್ರಯೋಗಶಾಲೆಯಲ್ಲಿ ಡಿಕ್ಸನ್ 35 ಮಿ.ಮೀ. ಫಿಲ್ಮಿನ ನಾಲ್ಕು ತೂತಿನ ಎತ್ತರಕ್ಕೆ ಒಂದು ಚಿತ್ರ ಎಂದು ಗೊತ್ತುಮಾಡಿದಾಗಿನಿಂದ ಬಂದದ್ದು. ಟಿವಿ ಅದನ್ನೇ ತೆಗೆದುಕೊಂಡಿತು. ಆಗ ಸಿನಿಮಾದವರು ಟಿವಿಯಿಂದ ದೂರ ಸರಿಯಲು 1953ರಲ್ಲಿ ಸಿನಿಮಾಸ್ಕೋಪ್ ತಂದರು. ತೆಲುಗಿನಲ್ಲಿ ಅದು 1974ರ 'ಅಲ್ಲೂರಿ ಸೀತಾರಾಮರಾಜು' ಚಿತ್ರದೊಂದಿಗೆ ಬಂತು, ಕನ್ನಡದಲ್ಲಿ 1977ರ 'ಸೊಸೆ ತಂದ ಸೌಭಾಗ್ಯ'ದೊಂದಿಗೆ. ಮನೆಯ ಟಿವಿ ಮಾತ್ರ ಕದಲಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಕಿರಿದಾದ 1.33 ಮತ್ತು ಅಗಲವಾದ 2.35ರ ನಡುವಿನ ರಾಜಿಯಾಗಿ 1.77, ಅಂದರೆ 16:9 ಎಂಬುದನ್ನು ಮುಂದಿಟ್ಟರು. ರಾಜಿ ಎಂದಮೇಲೆ ಎರಡೂ ಕಡೆಯವರಿಗೆ ಒಂದಿಷ್ಟು ಕಪ್ಪು ಪಟ್ಟಿ ತಪ್ಪಿದ್ದಲ್ಲ. ಸಿನಿಮಾಕ್ಕೆ ಮೇಲೆ ಕೆಳಗೆ, ನಮ್ಮ ಹಳೆಯ ವಿಡಿಯೊಕ್ಕೆ ಎಡಕ್ಕೆ ಬಲಕ್ಕೆ.

ನಮ್ಮ ಕಡೆ ಮದುವೆಗೆ ವಿಡಿಯೊ ಬಂದದ್ದು 1982ರ ಏಷ್ಯಾಡ್‌ನಲ್ಲಿ ದೂರದರ್ಶನಕ್ಕೆ ಬಣ್ಣ ಹತ್ತಿದ ನಂತರ. ವಿಎಚ್‌ಎಸ್ ಕ್ಯಾಸೆಟ್ಟು ಅದಕ್ಕೂ ಮೊದಲಿನದು, 1976ರದ್ದು. ಈಗ ಆಂಧ್ರದಲ್ಲಿರುವ ನಮ್ಮ ಆದೋನಿ, ಆಲೂರು ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯದು. ಹಾಗಾಗಿ ನಮ್ಮ ಕ್ಯಾಸೆಟ್ಟುಗಳಲ್ಲಿ ಮಾತು ಕನ್ನಡ, ಹೆಸರು ಬರೆದದ್ದು ತೆಲುಗು, ಹಿನ್ನೆಲೆಗೆ ಎರಡೂ ಭಾಷೆಯ ಸಿನಿಮಾ ಹಾಡು. ಆಮೇಲೆ ವಿಸಿಡಿ, ಡಿವಿಡಿ, ಮಿನಿ ಡಿವಿ ಬಂದವು. 16:9 ಎಂದು ಬರೆದುಕೊಂಡಿದ್ದ ಮೊದಮೊದಲ ಅಗ್ಗದ ಕ್ಯಾಮೆರಾಗಳಲ್ಲಿ ಎಷ್ಟೋ 4:3ರ ಚಿತ್ರದ ಮೇಲು ಕೆಳಗನ್ನೇ ಕತ್ತರಿಸಿ ಕೊಡುತ್ತಿದ್ದವು.

ಅಗಲದ ಟಿವಿ ಬಂದಮೇಲೆ ಮೊದಲು ನಡೆದದ್ದು ಆ ಎರಡು ಖಾಲಿ ಪಟ್ಟಿಗಳನ್ನು ಹೇಗಾದರೂ ತುಂಬುವ ಪ್ರಯತ್ನ. ದುಡ್ಡು ಕೊಟ್ಟು ತಂದ ಪರದೆಯಲ್ಲಿ ಕಾಲು ಭಾಗ ಕಪ್ಪಗಿದ್ದರೆ ಯಾರಿಗೆ ಸಹನೆ? ಎಳೆಯುವುದು ಒಂದು ದಾರಿ. ನಡುಭಾಗವನ್ನು ಹಾಗೇ ಬಿಟ್ಟು ಅಂಚನ್ನು ಮಾತ್ರ ಎಳೆಯುವುದು ಅದರ ಸುಧಾರಿತ ರೂಪ. ಅದರಲ್ಲಿ ಕ್ಯಾಮೆರಾ ಪಂಕ್ತಿಯ ಉದ್ದಕ್ಕೂ ಸಾಗಿದರೆ ಊಟಕ್ಕೆ ಕೂತವರು ಅಂಚಿನಲ್ಲಿ ಉಬ್ಬಿ, ನಡುವೆ ಸೊರಗಿ, ಮತ್ತೆ ಉಬ್ಬುತ್ತಾರೆ. ಇನ್ನೊಂದು ದಾರಿ ಕತ್ತರಿಸುವುದು. ಎತ್ತರದಲ್ಲಿ ನಾಲ್ಕನೇ ಒಂದು ಪಾಲು ಹೋಗುತ್ತದೆ. ಬೇರೆ ವಿಡಿಯೊಗಳಲ್ಲಿ ಇದು ನಡೆದೀತು, ಮದುವೆಯಲ್ಲಿ ನಡೆಯುವುದಿಲ್ಲ. ನಮ್ಮ ಮದುವೆಯ ಮುಖ್ಯ ಶಾಸ್ತ್ರಗಳೆಲ್ಲ ನೆತ್ತಿಯಲ್ಲಿ ಇಲ್ಲವೇ ಪಾದದಲ್ಲಿ: ತಲೆಯ ಮೇಲೆ ಜೀರಿಗೆ ಬೆಲ್ಲ, ಅಕ್ಷತೆ, ಬಾಸಿಂಗ; ಕಾಲಿಗೆ ಕಾಲುಂಗುರ. ಕತ್ತರಿ ಬೀಳುವುದು ಸರಿಯಾಗಿ ಅಲ್ಲೇ. ಕೆಳಗೆ ಹಾಕಿದ ತೆಲುಗು ಹೆಸರೂ ಅರ್ಧಕ್ಕೆ ತುಂಡಾಗುತ್ತದೆ.

ಈಚೆಗೆ ಅದೇ ಚಿತ್ರವನ್ನು ಹಿಗ್ಗಿಸಿ ಮಸುಕು ಮಾಡಿ ಎರಡೂ ಬದಿಗೆ ಹಾಸುವ ರೂಢಿ ನ್ಯೂಸ್ ಚಾನೆಲ್‌ಗಳಿಂದ ಬಂದಿದೆ. ಅರ್ಧ ನಿಮಿಷದ ಮೊಬೈಲ್ ತುಣುಕಿಗೆ ಸರಿ. ಮೂರು ಗಂಟೆಯ ಮದುವೆಗೆ ಅದು ಕಣ್ಣಿಗೆ ಶಿಕ್ಷೆ. ಕೃತಕ ಬುದ್ಧಿಮತ್ತೆಯವರು ಬದಿಯಲ್ಲಿ ಇಲ್ಲದ ಚಪ್ಪರವನ್ನೇ ಬರೆದು ಕೊಡುತ್ತಾರೆ, ಮಸುಕಾದ ಮುಖಕ್ಕೆ ಹೊಸ ಕಣ್ಣು ಇಡುತ್ತಾರೆ. ತೀರಿಕೊಂಡ ಅಜ್ಜನಿಗೆ ಇನ್ಯಾರದೋ ಕಣ್ಣು! ನನಗಂತೂ ಬೇಡ.

ನಿಜವಾದ ಬೆಳವಣಿಗೆ ಆದದ್ದು ಪಟ್ಟಿಗಳ ಚಿಂತೆ ಬಿಟ್ಟವರಿಂದ. 1920×1080ರ ಪರದೆಯಲ್ಲಿ 4:3ರ ಚಿತ್ರ 1440×1080ರಷ್ಟು ಜಾಗ ಹಿಡಿಯುತ್ತದೆ, ಎರಡು ಬದಿಗೂ 240 ಚುಕ್ಕೆಗಳ ಕಪ್ಪು. ಅದನ್ನು ಒಪ್ಪಿಕೊಂಡರೆ ಉಳಿದ ಶ್ರಮವೆಲ್ಲ ಚಿತ್ರಕ್ಕೇ ಸಿಗುತ್ತದೆ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಪ್ರತಿಯೊಂದೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಅರ್ಧ. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು ಅಂತರ. ಹಳೆಯ ಡಬ್ಬಾ ಟಿವಿ ಇವನ್ನು ಒಂದಾದಮೇಲೊಂದು ತೋರಿಸುತ್ತಿತ್ತು. ಈಗಿನ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರೆ ಬೀಳುವ ಅಕ್ಷತೆಯ ಪ್ರತಿ ಕಾಳಿಗೂ ಬಾಚಣಿಗೆ ಹಲ್ಲು. ಇದನ್ನು ಬಿಡಿಸುವ ಸೌಲಭ್ಯ ಎಫ್‌ಎಫ್‌ಎಂಪೆಗ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಸಿಗುತ್ತದೆ. ಪ್ರತಿ ಅರ್ಧವನ್ನೂ ಪೂರ್ತಿ ಮಾಡಿ ಸೆಕೆಂಡಿಗೆ 50 ಚಿತ್ರ ಕೊಡಬಲ್ಲ ವಿಧಾನಗಳೇ ವಾಸಿ. ಆದರೆ ಮೊದಲು ಗೆರೆ ಬಿಡಿಸಬೇಕು, ಆಮೇಲೆ ಹಿಗ್ಗಿಸಬೇಕು. ತಿರುವುಮುರುವಾದರೆ ಗೆರೆಗಳು ಕಲಸಿಹೋಗಿ ಮತ್ತೆ ಬಿಡಿಸಲು ಬರುವುದಿಲ್ಲ. ಸೋದರಮಾವನ ಪೆನ್‌ಡ್ರೈವ್‌ನಲ್ಲಿ ಆಗಿದ್ದು ಇದೇ, ಸಾಲದ್ದಕ್ಕೆ ಎಳೆತವೂ ಫೈಲಿನೊಳಗೇ ಸೇರಿತ್ತು.

ಅಂಚಿನದು ಇನ್ನೊಂದು ಕಾಟ. ಡಬ್ಬಾ ಟಿವಿಯ ಚೌಕಟ್ಟು ಚಿತ್ರದ ಅಂಚನ್ನು ಮುಚ್ಚುತ್ತಿತ್ತು. ವಿಎಚ್‌ಎಸ್ ಚಿತ್ರದ ತಳದಲ್ಲಿ ಕೆಲವು ಗೆರೆ ಹರಿದಂತೆ ಕಾಣುವುದು ಈಗಷ್ಟೇ ಬಯಲಾಗಿದೆ. ಆ ಗೆರೆಗಳ ಮೇಲೆ ಕಪ್ಪು ಬಳಿದರೆ ಸಾಕು. ವಿಸಿಡಿಯಲ್ಲಿ 288 ಗೆರೆ ಮಾತ್ರ, ಅರ್ಧ ಚಲನೆ ಅಲ್ಲೇ ಬಿಟ್ಟುಹೋಗಿರುತ್ತದೆ. ಮೂಲ ಕ್ಯಾಸೆಟ್ಟಿದ್ದರೆ ವಿಸಿಡಿಯನ್ನು ಮುಟ್ಟಬೇಡಿ. ಇನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಇಟ್ಟು 4:3ರೊಳಗೆ ಅಗಲದ ಚಿತ್ರ ತುಂಬಿದ ಡಿವಿಡಿಗಳೂ ಇವೆ. ಅವು ಈಗ ನಾಲ್ಕೂ ಕಡೆ ಕಪ್ಪಾಗಿ ಅಂಚೆಚೀಟಿಯಂತೆ ಕಾಣುತ್ತವೆ. ಹಿಗ್ಗಿಸಿ ಕತ್ತರಿಸಲು ಅನುಮತಿ ಇರುವುದು ಅವಕ್ಕೆ ಮಾತ್ರ.

ಸೋದರಮಾವನ ಮೂಲ ಕ್ಯಾಸೆಟ್ ಬೀರುವಿನಲ್ಲೇ ಇತ್ತು. ಆದೋನಿಯಲ್ಲಿ ಕೆಲಸ ಮಾಡುವ ವಿಸಿಆರ್ ಹುಡುಕಿ 720×576ರಲ್ಲಿ ಮತ್ತೆ ಇಳಿಸಿಕೊಂಡೆವು. ಆ ಅಳತೆ ಲೆಕ್ಕಕ್ಕೆ 5:4 ಆಗುತ್ತದೆ, ಕಂಪ್ಯೂಟರಿನಲ್ಲಿ ಅತ್ತೆ ತುಸು ತೆಳ್ಳಗೆ ಕಂಡರು. 4:3 ಎಂದು ಗುರುತು ಹಾಕಿದ ಮೇಲೆ ಹರಿವಾಣ ದುಂಡಗಾಯಿತು. ಮೂಲ ಫೈಲನ್ನು ಮುಟ್ಟದೆ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇವೆ, ಟಿವಿಗೆ ಬೇರೆ ಪ್ರತಿ. ಜಗತ್ತಿನ ಕೊನೆಯ ವಿಸಿಆರ್ ತಯಾರಕರು 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿದ್ದಾರೆ. ನಿಮ್ಮ ಬೀರುವಿನಲ್ಲೂ ಒಂದು ಕ್ಯಾಸೆಟ್ ಇದ್ದರೆ ಮುಂದಿನ ಬೇಸಿಗೆಗೆ ಬಿಡದೆ ಈಗಲೇ ಇಳಿಸಿಕೊಳ್ಳಿ.